ಶೀತವಲ್ಲ, ಅಮ್ಮಾ

ಮನೆಯಿಂದ, ಹನ್ನೊಂದನೇ ತಾರೀಖು, ಶನಿವಾರ ಬೆಳಿಗ್ಗೆ

ನನ್ನ ಮುದ್ದಿನ ಅಮ್ಮಾ,

ಮಂಡಿನೋವು ಹೇಗಿದೆ? ಅಕ್ಕನ ಕೂಸು ನಿನ್ನನ್ನು ಕೂರಲೂ ಬಿಡುತ್ತಿಲ್ಲವೆಂದು ಭಾವ ಹೇಳಿದರು. ಮಗು ನೋಡಿಕೊಳ್ಳಲು ಹೋದವಳು ನೀನೇ ಹಾಸಿಗೆ ಹಿಡಿಯಬೇಡ, ಅದು ಮಲಗಿದಾಗ ನೀನೂ ಕಣ್ಣು ಮುಚ್ಚು. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ನಂಬುವುದಿಲ್ಲ, ನನ್ನ ದನಿ ಕೇಳಿದ ಕೂಡಲೇ "ಮತ್ತೆ ಶೀತ ಆಯ್ತೇನೋ? ಹಬೆ ತಗೋ" ಎಂದು ಶುರು ಮಾಡುತ್ತೀಯ. ಅದಕ್ಕೇ ಈ ಕಾಗದ. ನಿನಗೆ ಹೇಳಲೇಬೇಕಾದ ಮಾತೊಂದು ವರ್ಷಗಳಿಂದ ಬಾಯಿಯವರೆಗೆ ಬಂದು ವಾಪಸ್ಸು ಹೋಗುತ್ತಿದೆ.

ಮೊದಲು ಕೆಲಸದ ಸುದ್ದಿ. ನಮ್ಮ ಮನಶ್ಶಾಸ್ತ್ರ ವಿಭಾಗದಲ್ಲಿ ಈಗ ಗಂಡಸುತನ ಅಳೆಯುತ್ತಿದ್ದೇವೆ, ನಗಬೇಡ. ಗಂಡಸರನ್ನೇ ಪ್ರೀತಿಸುವ ಗಂಡಸರು ಬಂದು ಒಂದು ಪುಟ ಓದುತ್ತಾರೆ, ನಾನು ರೆಕಾರ್ಡ್ ಮಾಡುತ್ತೇನೆ. ಬೇರೆಯವರು ಅದನ್ನು ಕೇಳಿ, ದನಿ ಎಷ್ಟು ಗಂಡಸಿನದು ಎಂದು ಏಳಕ್ಕೆ ಅಂಕ ಹಾಕುತ್ತಾರೆ. ಬಂದದ್ದೆಲ್ಲ ಆರು, ಏಳು. ವಿಭಾಗದ ಮುಖ್ಯಸ್ಥೆ ಮೇಡಂಗೆ ಖುಷಿಯೋ ಖುಷಿ. ಮೊನ್ನೆ ಒಬ್ಬ ಬಡಗಿ ಓದಿ ಮುಗಿಸಿದ ಮೇಲೆ ರೆಕಾರ್ಡಿಂಗ್ ಯಂತ್ರ ಆರಿಸಲು ಮರೆತೆ. ಅವನು ತನ್ನ ನಾಯಿಯ ತುಂಟತನ ಹೇಳಿಕೊಂಡು ನಗುತ್ತಿದ್ದ. ಅದು ಓದಿದವನ ದನಿಯೇ ಅಲ್ಲ, ಅಷ್ಟು ಹಗುರ. ಆಮೇಲೆ ಬಂದವರ ಒಪ್ಪಿಗೆ ಕೇಳಿಯೇ ಅವರ ಹರಟೆಯನ್ನೂ ರೆಕಾರ್ಡ್ ಮಾಡಿದೆ. ಎಲ್ಲರದೂ ಅದೇ ಕಥೆ, ಪುಟ ಓದಲು ಕೂತ ಕೂಡಲೇ ದನಿ ದಪ್ಪ. ಮೇಡಂ ಕನ್ನಡಕ ತೆಗೆದಿಟ್ಟು, "ಇಷ್ಟು ದಿನ ನಾವು ಇವರ ಹೆದರಿಕೆಗೆ ಮಾರ್ಕ್ಸ್ ಹಾಕಿದ್ವಲ್ರೀ" ಎಂದರು. ಎಲ್ಲ ಮೊದಲಿನಿಂದ ಮಾಡಬೇಕು. ಆದರೂ ಎಲ್ಲರಿಗೂ ಟೀ ತರಿಸಿದರು.

ಟೀ ಕುಡಿಯುತ್ತಾ ನನಗೆ ನಿನ್ನ ನೆನಪಾಯಿತು. ಪ್ರತಿ ಭಾನುವಾರ ನಿನಗೆ ಕೇಳಿಸುವುದೂ ಅಂಥದ್ದೇ ದನಿ. ಭಾವ ಸ್ಪೀಕರ್ ಹಾಕಿರುತ್ತಾರೆಂದು, ಹಲೋ ಎನ್ನುವ ಮೊದಲೇ ಬೇಕೆಂದೇ ದನಿ ದಪ್ಪ ಮಾಡಿಕೊಳ್ಳುತ್ತೇನೆ. ಪಾಪ, ನೀನು ಅದಕ್ಕೆ ಹಬೆ ಹಿಡಿಸುತ್ತೀಯ. ಅಷ್ಟರಲ್ಲಿ ಹಾಳೆ ಮುಗಿಯಿತು ನೋಡು. ಅಕ್ಕನಿಗೆ, ಭಾವನಿಗೆ ನೆನಪು ಹೇಳು, ಕೂಸಿನ ಕೆನ್ನೆಗೊಂದು ಮುತ್ತು.

ನಿನ್ನ ಕಿರಿಮಗ

ತಾ.ಕ.: ಹಾಳೆ ಮುಗಿದಿರಲಿಲ್ಲ, ಧೈರ್ಯ ಮುಗಿದಿತ್ತು. ಅಮ್ಮಾ, ನಾನೂ ಆ ಗಂಡಸರಲ್ಲೊಬ್ಬ. ಮುಂದಿನ ಭಾನುವಾರ ನೀನೇ ಫೋನ್ ಮಾಡು, ನನ್ನ ಸ್ವಂತ ದನಿಯಲ್ಲೇ ಮಾತಾಡುತ್ತೇನೆ. ಭಾವ ಸ್ಪೀಕರ್ ಹಾಕಿದರೆ ಹಾಕಲಿ. ಆದರೆ ಫೋನ್ ಮೊದಲು ಎತ್ತುವವನು ನಾನಲ್ಲ. ನನ್ನ ಜೊತೆಗಿರುವವನನ್ನು "ರೂಮಿನವನು" ಎನ್ನುತ್ತಿದ್ದೆನಲ್ಲ, ಅವನೇ, ನನ್ನವನು. ಅವನ ದನಿ ಹುಟ್ಟಿನಿಂದಲೇ ದಪ್ಪ. ಅವನಿಗೆ ಹಬೆ ತಗೋ ಎನ್ನಬೇಡ.