ಮನೆಯಲ್ಲಿ ಯಾವ ಭಾಷೆ

ಫೆಬ್ರವರಿ 11, ಮಂಗಳವಾರ. ಮಧ್ಯಾಹ್ನ, ಸ್ಟಾಫ್ ರೂಮು

ಏಳನೇ ಕ್ಲಾಸಿನವರು ಇವತ್ತಿನಿಂದ ಪಿರಿಯಡ್‌ಗೊಂದು ರೂಮಿಗೆ ಹೋಗಬೇಕು. ಹೈಸ್ಕೂಲಿನ ಅಭ್ಯಾಸ ಈಗಲೇ ಆಗಲಿ ಅಂತ ನಾನೇ ಮಾಡಿದ ಏರ್ಪಾಡು. ಮೊದಲ ದಿನವೇ ರಾದ್ಧಾಂತ. ಬ್ಯಾಗು ಒಂದು ಕಡೆ, ಜಾಮಿಟ್ರಿ ಬಾಕ್ಸು ಇನ್ನೊಂದು ಕಡೆ. ಜಗನ್ ಅನ್ನುವ ಉದ್ದನೆಯ ಹುಡುಗ ದಾರಿ ತಪ್ಪಿ ಮೂರನೇ ಕ್ಲಾಸಿಗೆ ನುಗ್ಗಿದ್ದಾನೆ. ಆ ಮಕ್ಕಳೆಲ್ಲ ಎದ್ದು ನಿಂತು ‘ಗುಡ್ ಮಾರ್ನಿಂಗ್ ಸರ್’ ಅಂದಿವೆ! ನಕ್ಕು ನಕ್ಕು ಸಾಕಾಯಿತು.

ನಮ್ಮ ಶಾಲೆ ಏಳಕ್ಕೇ ಮುಗಿಯುತ್ತದೆ. ಆಮೇಲೆ ಎಲ್ಲರಿಗೂ ಯಲಹಂಕದ ಹೈಸ್ಕೂಲೇ ಬೇಕು, ಇದೇ ಸಿಸ್ಟರ್‌ಗಳದ್ದು. ಅಲ್ಲಿ ಇಂಟರ್‌ವ್ಯೂ. ತಯಾರಿ ಪೂರ್ತಿ ನನ್ನ ತಲೆಗೆ. ಹೆಡ್‌ಮಿಸ್ ಸಿಸ್ಟರ್ ಜೆಸಿಂತಾ ಎಲ್ಲರ ಎದುರು ಹೇಳಿದರು, ‘ಸರಳಾ ಮಿಸ್ ಇರುವಾಗ ನನಗೆ ಟೆನ್ಷನ್ ಇಲ್ಲ.’ ಒಳಗೊಳಗೇ ಖುಷಿಯಾಯಿತು. ಯಾಕೆ ಆಗಬಾರದು?

ಮಾರ್ಚ್ 5, ಬುಧವಾರ. ಸಂಜೆ

ಬೂದಿ ಬುಧವಾರ. ಕ್ರಿಶ್ಚಿಯನ್ ಮಕ್ಕಳು ಚರ್ಚಿನಿಂದ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದಿದ್ದವು. ಅವರು ತಮ್ಮ ಧರ್ಮಪಾಠ ಕ್ಯಾಟಕಿಸಮ್‌ಗೆ ಹೋದಾಗ ಉಳಿದವರಿಗೆ ನನ್ನದು ಮೋರಲ್ ಸೈನ್ಸ್. ಪಾಠ ಬಿಟ್ಟು ಇಂಟರ್‌ವ್ಯೂ ಪ್ರಾಕ್ಟೀಸ್ ಮಾಡಿಸಿದೆ. ಶನಿವಾರವೇ ಇದೆಯಲ್ಲ.

ಬಾಗಿಲಲ್ಲಿ ನಿಂತು ಅನುಮತಿ ಕೇಳುವುದು. ಕೂರು ಅಂದ ಮೇಲೆ ಕೂರುವುದು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು. ಗೊತ್ತಿಲ್ಲದಿದ್ದರೆ ‘ಸಾರಿ, ಐ ವಿಲ್ ಲರ್ನ್ ಇಟ್’. ನಾನೇ ಸಿಸ್ಟರ್ ಆಗಿ ಕುರ್ಚಿಯಲ್ಲಿ ಕೂತೆ. ತೇಜಸ್ವಿನಿ ಎಲ್ಲರಿಗಿಂತ ಚೆನ್ನಾಗಿ ಹೇಳಿದಳು. ಕೊಡಿಗೇಹಳ್ಳಿಯ ಹಳೇ ಊರಿನವಳು. ತಂದೆ ಏರ್‌ಪೋರ್ಟ್ ಟ್ಯಾಕ್ಸಿ, ತಾಯಿ ಗಾರ್ಮೆಂಟ್ಸ್. ಶಾಲೆಯ ವಿಷಯವೆಲ್ಲ ಅಜ್ಜಿ ಮುನಿಕೃಷ್ಣಮ್ಮನದು. ಹಸು ಕಟ್ಟಿಕೊಂಡು ಸುತ್ತಲಿನ ಅಪಾರ್ಟ್‌ಮೆಂಟುಗಳಿಗೆ ಹಾಲು ಹಾಕುವ ಹೆಂಗಸು.

ಒಂದೇ ಕಡೆ ಎಡವಿದಳು. ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಿ ಅಂದದ್ದಕ್ಕೆ ‘ಕನ್ನಡ, ಸಿಸ್ಟರ್’ ಅಂದಳು.

‘ಹಾಗನ್ಬೇಡ. ಇಂಗ್ಲಿಷ್ ಅನ್ನು.’

‘ಅಜ್ಜಿಗೆ ಇಂಗ್ಲಿಷ್ ಬರಲ್ಲ ಮಿಸ್.’

‘ಇಂಟರ್‌ವ್ಯೂಗೆ ಅಜ್ಜಿ ಬರ್ತಾರಾ?’

‘ಇಲ್ಲ. ಅಪ್ಪ ಬರ್ತಾರೆ.’

‘ಮತ್ತೇನು? ಕನ್ನಡ ಅಂದ್ರೆ ಸಿ ಸೆಕ್ಷನ್‌ಗೆ ಹಾಕ್ತಾರೆ ಕಣೇ. ಎಲ್ಲರೂ ಹಿಂಗೇ ಹೇಳೋದು.’

ಆಮೇಲೆ ಬೆನ್ನು ನೆಟ್ಟಗೆ ಮಾಡಿ, ನನ್ನನ್ನೇ ನೋಡುತ್ತಾ — ‘ವೀ ಸ್ಪೀಕ್ ಇಂಗ್ಲಿಷ್ ಅಟ್ ಹೋಮ್, ಸಿಸ್ಟರ್.’ ಎಷ್ಟು ಚೆನ್ನಾಗಿ ಅಂದಳು! ಎಲ್ಲರಿಂದಲೂ ಚಪ್ಪಾಳೆ ಹೊಡೆಸಿದೆ.

ಮಾರ್ಚ್ 17, ಸೋಮವಾರ

ಲಿಸ್ಟ್ ಬಂತು. ತೇಜಸ್ವಿನಿಗೆ ಎ ಸೆಕ್ಷನ್. ನಮ್ಮ ಮಕ್ಕಳಲ್ಲಿ ಎ ಸಿಕ್ಕಿದ್ದು ಅವಳೊಬ್ಬಳಿಗೇ.

ಮುನಿಕೃಷ್ಣಮ್ಮ ಮಧ್ಯಾಹ್ನ ಗಿಣ್ಣು ತಂದುಕೊಟ್ಟರು. ‘ಎಲ್ಲಾ ನಿಮ್ ದಯೆ ಮಿಸ್. ನಮ್ ಮನ್ಯಾಗ್ ಯಾರ್ಗ್ ಬತ್ತದೆ ಇದೆಲ್ಲ?’ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹಂಚಿಕೊಂಡು ತಿಂದೆವು.

ಜೂನ್ 24, ಮಂಗಳವಾರ. ಸಂಜೆ

ಬರೆಯದೆ ಎಷ್ಟು ದಿನವಾಯಿತೋ. ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಇದೆ.

ಹೈಸ್ಕೂಲಿನ ಪ್ರಿನ್ಸಿಪಾಲ್ ಸಿಸ್ಟರ್ ಲಿಡ್ವಿನ್ ಬರಹೇಳಿದ್ದರು. ಮಧ್ಯಾಹ್ನ ಯಲಹಂಕಕ್ಕೆ ಹೋದೆ. ಮಂಗಳೂರು ಕಡೆಯವರು, ಮಾತು ನಿಧಾನ. ಹೊಗಳಲು ಕರೆದಿರಬೇಕು ಅಂದುಕೊಂಡು ಒಳ್ಳೆಯ ಸೀರೆ ಉಟ್ಟಿದ್ದೆ.

ವಿಷಯ ಇಷ್ಟು. ಶನಿವಾರ ಎಂಟನೇ ಕ್ಲಾಸಿನ ಪೇರೆಂಟ್ಸ್ ಮೀಟಿಂಗ್. ತೇಜಸ್ವಿನಿ ಕಡೆಯಿಂದ ಅಜ್ಜಿ ಹೋಗಿದ್ದಾರೆ. ಮೈಕ್ ಕೊಟ್ಟಾಗ ಎದ್ದು ನಿಂತು ಕನ್ನಡದಲ್ಲಿ ಸಾಕಷ್ಟು ಹೊತ್ತು ಮಾತಾಡಿದ್ದಾರೆ. ಮಗು ಊಟದ ಡಬ್ಬಿ ಹಾಗೇ ವಾಪಸ್ ತರುತ್ತಾಳೆ, ಗಮನ ಕೊಡಿ ಅಂತ. ತಪ್ಪೇನಿದೆ? ಆದರೆ ಸೋಮವಾರ ಕ್ಲಾಸ್ ಟೀಚರ್ ತೇಜಸ್ವಿನಿಯನ್ನು ಎಬ್ಬಿಸಿ, ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಅಂದಿದ್ದೆಯಲ್ಲ, ಸುಳ್ಳು ಹೇಳಿ ಸೀಟು ತಗೊಂಡ್ಯಾ ಅಂತ ಕೇಳಿದ್ದಾರೆ. ಇಡೀ ಕ್ಲಾಸಿನ ಎದುರು. ಹುಡುಗರು ಆಗಲೇ ‘ಇಂಗ್ಲಿಷ್ ಅಜ್ಜಿ’ ಅಂತ ಹೆಸರಿಟ್ಟಿದ್ದಾರಂತೆ.

‘ಹಾಗೆ ಹೇಳಲಿಕ್ಕೆ ಸರಳಾ ಮಿಸ್ಸೇ ಕಲಿಸಿದ್ದು ಅಂತಾಳೆ ಮಗು,’ ಅಂದರು ಸಿಸ್ಟರ್. ‘ಹೌದಾ ಮಿಸ್? ನೀವು ಹೇಳಿಕೊಟ್ಟದ್ದು ಉಂಟಾ?’

ಕಿಟಕಿಯಾಚೆ ಯಾರೋ ಬ್ಯಾಂಡ್ ಪ್ರಾಕ್ಟೀಸ್ ಮಾಡುತ್ತಿದ್ದರು. ಡ್ರಮ್ಮಿನ ಸದ್ದು ಮಾತ್ರ ನೆನಪಿದೆ.

‘ಇಲ್ಲ ಸಿಸ್ಟರ್,’ ಅಂದೆ. ‘ಮನೇಲಿ ಯಾರಾದ್ರೂ ಹೇಳ್ಕೊಟ್ಟಿರ್ಬೇಕು.’

ಅಲ್ಲಿಗೆ ನಿಲ್ಲಿಸಬಹುದಿತ್ತು. ಸಿಸ್ಟರ್ ಮುಂದೇನೂ ಕೇಳಲಿಲ್ಲ. ನಾನೇ ಸೇರಿಸಿದೆ — ‘ಹುಡುಗಿ ಚುರುಕು. ಆದ್ರೆ ಕಟ್ಟಿ ಹೇಳೋ ಅಭ್ಯಾಸ ಸ್ವಲ್ಪ ಇದೆ.’

ಯಾಕೆ ಹಾಗಂದೆ? ಇಲ್ಲ ಅಂದದ್ದು ಹೆದರಿಕೆಗೆ. ಎರಡನೇ ಮಾತು?

ವಾಪಸ್ ಬರುವಾಗ ಹೆಬ್ಬಾಳದಲ್ಲಿ ಬಸ್ಸು ನಿಂತೇ ಇತ್ತು. ಪಕ್ಕದಲ್ಲಿದ್ದ ಹೆಂಗಸು ‘ಹುಷಾರಿಲ್ವಾ ಮೇಡಂ?’ ಅಂದಳು.

ಜೂನ್ 26, ಗುರುವಾರ

ಯಾರೂ ಏನೂ ಕೇಳಲಿಲ್ಲ. ಸಿಸ್ಟರ್ ಜೆಸಿಂತಾ ಎಂದಿನಂತೆ ನಕ್ಕರು. ಮುಗಿದು ಹೋಯಿತೇನೋ.

ಜುಲೈ 3, ಗುರುವಾರ. ಸಂಜೆ, ಮನೆ

ಮುಗಿದಿಲ್ಲ.

ಲಾಸ್ಟ್ ಬೆಲ್ ಆಗಿ ಮಕ್ಕಳು ಹೋಗುತ್ತಿದ್ದವು. ಗೇಟಿನ ಹತ್ತಿರ ಮುನಿಕೃಷ್ಣಮ್ಮ. ಹಿಂದೆ ತೇಜಸ್ವಿನಿ, ಮನೆ ಬಟ್ಟೆಯಲ್ಲಿ. ಜಗಳಕ್ಕೆ ಬಂದಿದ್ದಾರೆ, ಎಲ್ಲರೂ ಕೇಳಿಸಿಕೊಳ್ಳುತ್ತಾರೆ... ಬೇಗ ಬೇಗ ಹೋಗಿ ಕಾಂಪೌಂಡಿನ ಮೂಲೆಗೆ ಕರೆದುಕೊಂಡು ಹೋದೆ.

ಜಗಳಕ್ಕೆ ಬಂದಿರಲಿಲ್ಲ.

‘ಇವ್ಳು ನಿಮ್ ಮ್ಯಾಲೇ ಸುಳ್ ಏಳವ್ಳಂತೆ ಮಿಸ್,’ ಅಂದರು. ‘ದೊಡ್ ಸಿಸ್ಟರು ನನ್ ಮಗನ್ಗೆ ಫೋನ್ ಮಾಡಿ ಏಳುದ್ರು. ನಂಗ್ ಮೊಕ ಎತ್ತಕ್ಕಾಗ್ತಿಲ್ಲ. ಕೈ ಇಡ್ದು ಕಲ್ಸಿದ್ ಮಿಸ್ಸು ನೀವು. ಚೆನ್ನಾಗ್ ಬಾರಿಸ್ದೆ. ಆವತ್ನಿಂದ ಇಸ್ಕೂಲ್ಗೂ ಓಗ್ತಿಲ್ಲ, ಮಾತೂ ಆಡ್ತಿಲ್ಲ. ನಿಂತ್ಕೊಂಡ್ ಏನ್ ನೋಡ್ತೀಯಾ? ಮಿಸ್ ಕಾಲ್ ಮುಟ್ಟಿ ತಪ್ಪಾಯ್ತು ಅನ್ನು!’

ಹುಡುಗಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ನಾನು ಏನು ಮಾಡುತ್ತೇನೆ ಅಂತ ಕಾಯುತ್ತಿದ್ದಳು. ಅಷ್ಟೇ. ಕಾದಳು... ನಾನು ಬಾಯಿ ತೆರೆಯಲಿಲ್ಲ. ಆಮೇಲೆ ಬಗ್ಗಿ ನನ್ನ ಪಾದ ಮುಟ್ಟಿದಳು. ಬೆರಳು ತಣ್ಣಗಿತ್ತು. ‘ತಪ್ಪಾಯ್ತು ಮಿಸ್.’

‘ಪರವಾಗಿಲ್ಲ ಬಿಡಿ, ಮಕ್ಕಳಲ್ವಾ,’ ಅಂದೆ.

ಕ್ಷಮಿಸಿಬಿಟ್ಟೆ! ನಾನು, ಅವಳನ್ನು! ತಲೆ ಕೂಡ ಸವರಿದೆ. ಮುನಿಕೃಷ್ಣಮ್ಮ ಕಣ್ಣೊರೆಸಿಕೊಂಡು ‘ದೊಡ್ ಮನ್ಸು ನಿಮ್ದು’ ಅಂದರು.

ಮನೆಗೆ ಬಂದು ಕಾಲು ತೊಳೆದೆ. ಮತ್ತೆ ತೊಳೆದೆ.

ಜುಲೈ 4, ಶುಕ್ರವಾರ. ಸಂಜೆ

ಬೆಳಿಗ್ಗೆ ರಘುನಾಥ್‌ಗೆ ಹೇಳಿದೆ. ಪೇಪರ್ ಮಡಿಸಿಟ್ಟು ಪೂರ್ತಿ ಕೇಳಿದರು. ‘ಎಲ್ಲ ಸ್ಕೂಲಲ್ಲೂ ಹಿಂಗೇ ಹೇಳ್ಕೊಡ್ತಾರೆ ಬಿಡೇ. ಈಗ ಹೋಗಿ ಹೇಳಿದ್ರೆ ನಿನ್ ಕೆಲಸದ ಗತಿ ಏನು?’ ನಾನು ಬಯಸಿದ ಮಾತನ್ನೇ ಗಂಡ ಹೇಳಿದರು. ಆದರೂ ತಿಂಡಿ ಅರ್ಧಕ್ಕೇ ಬಿಟ್ಟು ಎದ್ದೆ.

ನಾವೂ ಮನೆಯಲ್ಲಿ ಮಾತಾಡುವುದು ಕನ್ನಡವೇ ತಾನೇ. ಈ ಪುಸ್ತಕವೂ ಕನ್ನಡವೇ. ಆ ಮಗುವಿಗೆ ಮಾತ್ರ ಯಾಕೆ ಮುಚ್ಚಿಡು ಅಂದೆ?

ಇವತ್ತು ಮೋರಲ್ ಸೈನ್ಸ್ ಪಿರಿಯಡ್‌ನಲ್ಲಿ ಮಕ್ಕಳಿಗೆ ಚಿತ್ರ ಬರೆಯಲು ಹೇಳಿ ಕೂತೆ.

ಜುಲೈ 7, ಸೋಮವಾರ. ಸಂಜೆ

ಅರ್ಧ ದಿನ ರಜೆ ಹಾಕಿ ಯಲಹಂಕಕ್ಕೆ ಹೋದೆ. ಸಿಸ್ಟರ್ ಲಿಡ್ವಿನ್ ಎದುರು ಕೂತು ಹೇಳಿದೆ. ಹೇಳಿಕೊಟ್ಟಿದ್ದು ನಾನೇ. ಇಲ್ಲ ಅಂದದ್ದು ಸುಳ್ಳು. ಕಟ್ಟಿ ಹೇಳುತ್ತಾಳೆ ಅಂದದ್ದು ಅದಕ್ಕಿಂತ ದೊಡ್ಡ ಸುಳ್ಳು.

ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ.

‘ಆ ಪ್ರಶ್ನೆ ನಾವು ಕೇಳುವುದೇ ತಪ್ಪು. ಅದನ್ನು ನಾನು ನೋಡಿಕೊಳ್ತೇನೆ,’ ಅಂದರು.

ಮನಸ್ಸು ಎಷ್ಟು ಬೇಗ ಹಗುರಾಯಿತು ಅಂದರೆ, ನನಗೇ ನಾಚಿಕೆಯಾಯಿತು. ತಪ್ಪು ಅವರದೂ ಹೌದು ಅಂದರೆ ನನ್ನದು ಕಮ್ಮಿಯಾಯಿತೇನೋ ಅಂತ. ಎದ್ದು ಕೈ ಮುಗಿದೆ.

‘ಕೂತುಕೊಳ್ಳಿ ಮಿಸ್. ಇದು ನನ್ನ ಹತ್ತಿರ ಹೇಳಿದರೆ ಮುಗಿಯುವುದಿಲ್ಲ. ಅವಳಿಗೆ ಮರ್ಯಾದೆ ಹೋದದ್ದು ಕ್ಲಾಸಿನಲ್ಲಿ.’

‘ನೀವೇ ಹೇಳಿದ್ರೆ ಆಗಲ್ವಾ ಸಿಸ್ಟರ್?’

‘ನಾನು ಹೇಳ್ತೇನೆ. ಕ್ಲಾಸ್ ಟೀಚರೂ ಹೇಳಬೇಕು. ನೀವೂ ಹೇಳಬೇಕು.’

ಸಿಸ್ಟರ್ ಜೆಸಿಂತಾಗೂ ತಿಳಿಸುತ್ತಾರಂತೆ. ತಿಳಿಸಲಿ.

ಜುಲೈ 10, ಗುರುವಾರ. ಮಧ್ಯಾಹ್ನ, ಬಸ್ಸಿನಲ್ಲಿ

ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಗುತ್ತಿದೆ.

ಎಂಟನೇ ಎ. ತೇಜಸ್ವಿನಿ ಬಂದಿದ್ದಳು. ಸಿಸ್ಟರ್ ಅವಳ ತಂದೆಗೆ ಮತ್ತೆ ಫೋನ್ ಮಾಡಿ ಕರೆಸಿದ್ದರು. ಬರುವಾಗ ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಮಕ್ಕಳ ಮುಂದೆ ನಿಂತ ಮೇಲೆ ಒಂದು ವಾಕ್ಯವೂ ಬರಲಿಲ್ಲ. ಕನ್ನಡದಲ್ಲೇ ಹೇಳಿದೆ.

‘ತೇಜಸ್ವಿನಿ ಸುಳ್ಳು ಹೇಳಿಲ್ಲ. ಇಂಟರ್‌ವ್ಯೂನಲ್ಲಿ ಹಾಗೆ ಹೇಳು ಅಂತ ನಾನೇ ಕಲಿಸಿದ್ದು. ಸಿಸ್ಟರ್ ಕೇಳಿದಾಗ ಸುಳ್ಳು ಹೇಳಿದ್ದೂ ನಾನೇ.’

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕ್ಲಾಸ್ ಟೀಚರ್ ನೆಲ ನೋಡುತ್ತಾ ‘ಸಾರಿ ತೇಜಸ್ವಿನಿ’ ಅಂದರು. ಹುಡುಗಿ ಡೆಸ್ಕಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು, ತಲೆ ಎತ್ತಲಿಲ್ಲ.

ಕಾರಿಡಾರಿನಲ್ಲಿ ಕಾದೆ. ಬೆಲ್ ಆದ ಮೇಲೆ ಇನ್ನೊಂದು ಹುಡುಗಿಯ ಜೊತೆ ಆಚೆ ಬಂದಳು. ಆ ಹುಡುಗಿ ಅವಳ ಕೈ ಹಿಡಿದಿದ್ದಳು. ನನ್ನ ಮುಂದೆಯೇ ಹಾದು ಲ್ಯಾಬ್ ಕಡೆ ಹೋದರು. ಮಾತಾಡಿಸಲಿಲ್ಲ. ಮಾತಾಡಿಸಲಿ ಅಂತ ಯಾಕೆ ಕಾದೆ?

ಇನ್ನು ಅಜ್ಜಿ. ಅವರಿಗೆ ಇನ್ನೂ ಏನೂ ಗೊತ್ತಿಲ್ಲವಂತೆ, ಮಗ ಹೇಳಿಲ್ಲ. ಮೊಮ್ಮಗಳು ತಪ್ಪು ಮಾಡಿದಳು, ಮಿಸ್ ಕ್ಷಮಿಸಿದರು — ಅವರ ಲೆಕ್ಕದಲ್ಲಿ ಅಷ್ಟೇ.

ಜುಲೈ 11, ಶುಕ್ರವಾರ. ಸಂಜೆ

ಬೆಳಿಗ್ಗೆ ಸಿಸ್ಟರ್ ಜೆಸಿಂತಾ ಕರೆದರು. ಈ ವರ್ಷ ಏಳನೇ ಕ್ಲಾಸಿನ ತಯಾರಿ ಬೇರೆಯವರು ನೋಡಿಕೊಳ್ಳಲಿ ಅಂದರು. ಸರಿ ಸಿಸ್ಟರ್ ಅಂದೆ.

ಶಾಲೆ ಮುಗಿಸಿ ನೇರ ಮುನಿಕೃಷ್ಣಮ್ಮನ ಮನೆಗೆ. ಅಪಾರ್ಟ್‌ಮೆಂಟಿನ ಗೋಡೆಗೆ ಒತ್ತಿಕೊಂಡಿರುವ ಹಳೇ ಹೆಂಚಿನ ಮನೆ, ಮುಂದೆ ಹಸುಗಳು. ‘ಅಯ್ಯೋ, ಮಿಸ್ಸು! ಒಳೀಕ್ ಬನ್ನಿ!’ ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿ ಒಳಗೆಸೆದು ಕೂರಿಸಿದರು. ಕಾಫಿ ಬಂತು, ಗಟ್ಟಿ ಹಾಲಿನದು. ತೇಜಸ್ವಿನಿ ನಡುಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

ಕಾಫಿ ಕುಡಿಯುವ ಮೊದಲೇ ಹೇಳಬೇಕು ಅಂದುಕೊಂಡಿದ್ದೆ. ಕುಡಿದೇ ಹೇಳಿದೆ.

‘ನಿಮ್ಮ ಮೊಮ್ಮಗಳು ಸುಳ್ಳು ಹೇಳಿರ್ಲಿಲ್ಲ ಅಮ್ಮಾ. ನಾನೇ ಹಾಗೆ ಹೇಳ್ಕೊಟ್ಟಿದ್ದೆ. ಆಮೇಲೆ ಸಿಸ್ಟರ್ ಕೇಳ್ದಾಗ ಇಲ್ಲ ಅಂದ್ಬಿಟ್ಟೆ.’

ಅವರಿಗೆ ಅರ್ಥವಾಗಲಿಲ್ಲ. ‘ಏನಂತ ಏಳ್ಕೊಟ್ಟಿದ್ರಿ?’

‘ಮನೇಲಿ ಇಂಗ್ಲಿಷ್ ಮಾತಾಡ್ತೀವಿ ಅಂತ.’

ಲೋಟ ಎತ್ತಿಕೊಳ್ಳಲು ಬಗ್ಗಿದವರು ಹಾಗೇ ನಿಂತರು.

‘ಅಂಗಾರೆ... ಆವತ್ ಮೀಟಿಂಗ್‌ನಾಗೆ ನಾನ್ ಬಾಯ್ ಬಿಟ್ಟಿದ್ಕೇ ಇಷ್ಟೆಲ್ಲ ಆಗಿದ್ದಾ ಮಿಸ್?’

‘ಇಲ್ಲಮ್ಮಾ, ಹಾಗಲ್ಲ,’ ಅಂದೆ. ಇನ್ನೇನು ಹೇಳಲಿ? ಹೌದು, ಹಾಗೇ ಆಗಿತ್ತು. ಅವರ ಭಾಷೆಯನ್ನೇ ತಪ್ಪಾಗಿಸಿದ್ದು ನಾನು.

ನನ್ನ ಕಡೆ ಮತ್ತೆ ತಿರುಗಲಿಲ್ಲ. ಮೊಮ್ಮಗಳನ್ನು ನೋಡಿದರು. ‘ಒಡ್ದ್‌ಬುಟ್ನಲ್ಲೇ ಮಗಾ... ನೀನ್ ಏಳ್ತಾನೇ ಇದ್ದೆ, ನಾನ್ ಕೇಳ್ನಿಲ್ವಲ್ಲೇ...’ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ನೆಲಕ್ಕೆ ಕೂತುಬಿಟ್ಟರು. ಬಯ್ಯಲಿ ಅಂತ ಕಾದೆ. ಒಂದು ಮಾತು ಬಯ್ಯಲಿಲ್ಲ.

ಎದ್ದೆ. ತೇಜಸ್ವಿನಿ ಗೇಟಿನವರೆಗೂ ಬಂದಳು.

‘ಮಿಸ್, ಅಜ್ಜಿಗೆ ಹೇಳ್ಬಾರ್ದಿತ್ತು.’

‘ಯಾಕಮ್ಮಾ?’

‘ಕ್ಲಾಸಲ್ಲಿ ಹೇಳಿದ್ರಲ್ಲ, ಅಷ್ಟು ಸಾಕಿತ್ತು. ಅಜ್ಜಿ ಹೊಡೆದಿದ್ದು ನಂಗೆ ಮರ್ತೇ ಹೋಗಿತ್ತು. ಈಗ ಅಜ್ಜಿಗೆ ಮರೆಯಲ್ಲ. ಇನ್ಮೇಲೆ ಮೀಟಿಂಗ್‌ಗೂ ಬರಲ್ಲ ನೋಡಿ.’

‘ಬರ್ತಾರೆ. ನಾನು ಇನ್ನೊಂದ್ಸಲ ಬಂದು ಮಾತಾಡ್ತೀನಿ —’

‘ಬೇಡ ಮಿಸ್. ನೀವು ಮಾತಾಡ್ಬೇಡಿ.’

ಮೆತ್ತಗೇ ಅಂದಳು. ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ.

ಗೇಟು ಹಾಕಿಕೊಂಡು ಒಳಗೆ ಹೋದಳು. ಅಜ್ಜಿಯ ಪಕ್ಕ ಕೂತು ಏನೋ ಹೇಳುತ್ತಿದ್ದದ್ದು ರಸ್ತೆಗೂ ಕೇಳಿಸುತ್ತಿತ್ತು, ಮಾತು ಮಾತ್ರ ತಿಳಿಯಲಿಲ್ಲ. ನಾನು ಇನ್ನೂ ಅಲ್ಲೇ ನಿಂತಿದ್ದೆ. ಹೋಗುವ ಮೊದಲು ಆ ಹುಡುಗಿಗೆ ಒಂದು ಮಾತು ಹೇಳಬೇಕಿತ್ತು. ನಾನು ಅವಳಿಗೆ ‘ತಪ್ಪಾಯ್ತು’ ಅಂತ ಇನ್ನೂ ಅಂದೇ ಇರಲಿಲ್ಲ.