ಅಮ್ಮ ಕಳಿಸಿದ ಉಣುಗಿನ ಎಣ್ಣೆ

ಅಮ್ಮಾ,

ಇವತ್ತು ನಮ್ಮ ಲ್ಯಾಬಿನ ಮುದಿ ಇಲಿಯೊಂದರ ಥೈಮಸ್ಸಿನಲ್ಲಿ ಹೊಸ ಜೀವಕೋಶಗಳು ಕಂಡವು. ರೋಗದೊಡನೆ ಕಾದಾಡುವ ಕೋಶಗಳನ್ನು ಬೆಳೆಸುವ, ಎದೆಯೊಳಗಿನ ಗ್ರಂಥಿ ಅದು, ವಯಸ್ಸಾದಂತೆ ಸೊರಗುತ್ತದೆ. ಕೋಶಗಳಿಗೆ ‘ಬೆಳೆಯಿರಿ’ ಎಂದು ಹೇಳುವ ಪುಟ್ಟ ಪೆಪ್ಟೈಡ್ ಒಂದನ್ನು ಕೊಟ್ಟು ನೋಡಿದೆವು. ಹೇಳಿದ ಮಾತು ಕೇಳಿದವು!

‘ಇಲಿ ಮುಟ್ತೀಯಲ್ಲೇ, ಉಣುಗು ಹತ್ತುತ್ತೆ, ಇದನ್ನ ಹಚ್ಕೊ’ ಎಂದು, ರಕ್ತ ಹೀರುವ ಆ ಹುಳ ಕಚ್ಚದಿರಲೆಂದು ಕಾಡಿಗೆ ಹೋಗುವವರಿಗಾಗಿ ಆಶಾ ಕಾರ್ಯಕರ್ತೆ ಕೊಟ್ಟಿದ್ದ ಎಣ್ಣೆಯನ್ನು ನೀನು ನಿಟ್ಟೂರಿನಿಂದ ನನಗೆ ಕಳಿಸಿದ್ದೆ. ಲ್ಯಾಬಿನ ಇಲಿಗೆಲ್ಲಿಯ ಉಣುಗು ಎಂದು ನಕ್ಕು ಕಪಾಟಿನಲ್ಲಿಟ್ಟೆ. ನೀನು ಎಣ್ಣೆಯಿಲ್ಲದೆ ದರಗೆಲೆ ತರಲು ಕಾಡಿಗೆ ಹೋದೆ. ಉಣುಗು ಕಚ್ಚಿ ಬಂದ ಮಂಗನ ಕಾಯಿಲೆಯನ್ನು ನಿನ್ನ ಅರವತ್ತೆಂಟರ ಮೈ ತಾಳಲಿಲ್ಲ.

ನಾಳೆ ಇನ್ನೂ ಹತ್ತು ಮುದಿ ಇಲಿಗಳಿಗೆ ಕೊಡುತ್ತೇವೆ. ಮುಂದೊಂದು ದಿನ ಅಜ್ಜಿಯರಿಗೂ.

ಕೆಲಸ ಮುಗಿಸಿ ನಿನ್ನ ಬಾಟಲಿಯ ಮುಚ್ಚಳ ತೆಗೆದೆ. ಹಚ್ಚಿಕೊಂಡೆ ಅಮ್ಮಾ, ಮೊಣಕೈವರೆಗೂ.