ಹೊಸ್ತಿಲಿಗೆ ಬಾರದ ಘಮ

ಮನೆಯ ಮಹಡಿಕೋಣೆಯಿಂದ,
ಹನ್ನೊಂದನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನ ಗೊರಕೆ ಹೇಗಿದೆ ಎಂದು ಕೇಳುವುದಿಲ್ಲ, ಅದು ಫೋನಿನಲ್ಲೇ ತನ್ನ ಕ್ಷೇಮಸಮಾಚಾರ ತಿಳಿಸುತ್ತಿರುತ್ತದೆ. ಮದುಮಗಳಾಗುವ ನಿನ್ನ ಮಗಳು ಊಟ ಬಿಟ್ಟು ಸಣ್ಣಗಾಗುತ್ತಿದ್ದಾಳಂತೆ. ಮದುವೆಯ ದಿನ ಗಂಡು ಅವಳನ್ನು ಭೂತಗನ್ನಡಿ ಹಿಡಿದು ಹುಡುಕುವ ಹಾಗೆ ಮಾಡಬೇಡ ಎಂದು ಮಾವ ಹೇಳಿದನೆಂದು ಹೇಳು. ದಿನಕ್ಕೆರಡು ಸಲ ಫೋನು ಮಾಡುವವನು ಇದೇನು ಕಾಗದ ಬರೆಯುತ್ತಿದ್ದಾನೆ ಎಂದು ಗಾಬರಿಯಾಗಬೇಡ. ಈ ಮನೆಯಲ್ಲಿ ಫೋನು ಬಂದರೆ ಸ್ಪೀಕರ್ ಹಾಕಲೇಬೇಕು, ಅಮ್ಮ ಪಕ್ಕದಲ್ಲಿ ಕೂರಲೇಬೇಕು. ಅಮ್ಮನ ಕಿವಿಗೆ ಬೀಳಬಾರದ ಮಾತಿಗೆ ಅಂಚೆಯೇ ಗತಿ.

ಮಾತು ಶುರುವಾಗುವುದು ಹೋಟೆಲಿನಿಂದ. ಅಮ್ಮನಿಗೆ ಎಪ್ಪತ್ತು ತುಂಬಿದ ದಿನ ಅವಳನ್ನು ನಮ್ಮ ಬೀದಿಯ ಮೂಲೆಯ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಅವಳ ಹೆಸರು ‘ಪರೀಕ್ಷಕರು’, ನಿನಗೆ ಗೊತ್ತಲ್ಲ. ತಟ್ಟೆ ಮೇಜಿಗೆ ಬರುವ ಮೊದಲೇ ಮೂಗರಳಿಸಿ, “ಬೆಳ್ಳುಳ್ಳಿ ಸೀದಿದೆ, ವಾಪಸ್ ತಗೊಂಡು ಹೋಗಪ್ಪಾ” ಎಂದು ಅಡುಗೆಯವನ ಎದೆ ಒಡೆಯುತ್ತಿದ್ದವಳು. ಅಂದೂ ವೇಟರ್ ಅವಳ ಮುಂದೆ ಸೂಪ್ ಇಟ್ಟು ಕೈಕಟ್ಟಿ ನಿಂತ. “ಹೇಳಿ ಅಮ್ಮಾ, ಇವತ್ತು ಪಾಸಾ, ಫೇಲಾ?” ಅಮ್ಮ ಒಂದು ಚಮಚ ಬಾಯಿಗಿಟ್ಟಳು. ಆಮೇಲೆ ಸೂಪಿನ ಕಡೆ ನೋಡಲಿಲ್ಲ ಅಕ್ಕಾ, ನನ್ನ ಮುಖ ನೋಡಿದಳು. ಅದೇ ಹೊತ್ತಿಗೆ ಸರಿಯಾಗಿ ನನ್ನ ನಾಲಿಗೆ ಸುಟ್ಟು ಮುಖ ಕಿವುಚಿಕೊಂಡಿತ್ತು. “ಫೇಲು. ಏನೋ ಕಹಿ ಬಂದಿದೆ” ಎಂದಳು. ಆ ಪಾಪದವನು ಅಮೃತದಂಥ ಸೂಪನ್ನು ಹೊತ್ತುಕೊಂಡು ಒಳಗೆ ಹೋದ. ನನ್ನ ಹೆಂಡತಿ ಮೇಜಿನಡಿ ನನ್ನ ಕಾಲು ತುಳಿದು, “ಚೆನ್ನಾಗೇ ಇತ್ತಲ್ರೀ!” ಎಂದಳು. ಅಂದಿನಿಂದ ಹೋಟೆಲಿನಲ್ಲಿ ನಾನು ಪರೀಕ್ಷಾ ಕೊಠಡಿಯ ಮೇಲ್ವಿಚಾರಕನ ಮುಖ ಹಾಕಿಕೊಂಡು ಉಣ್ಣುತ್ತೇನೆ. ಹುಬ್ಬು ಮೇಲೆ ಹೋದರೆ ಅಮ್ಮನ ಪಾಲಿಗೆ ಉಪ್ಪು ಹೆಚ್ಚು, ತುಟಿ ಕೆಳಗೆ ಬಂದರೆ ಹುಳಿ ಕಮ್ಮಿ. ಹೊರಗಿನ ಊಟವೊಂದೇ ನನ್ನ ಬಾಳಿನ ಚಪಲವಾಗಿತ್ತು, ಅದೂ ಈಗ ಡ್ಯೂಟಿಯಾಗಿದೆ.

ವಿಷಯ ಇಷ್ಟು. ಚಳಿಗಾಲದಲ್ಲಿ ಅವಳಿಗೆ ಜ್ವರ ಬಂದಿತ್ತಲ್ಲ, ಜ್ವರ ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಗಿದೆ. ನೋಡುವುದಕ್ಕೆ ಅಲ್ಲೇ ಇದೆ, ಸಿಟ್ಟು ಮೊದಲಿನಂತೆ ಅದರ ತುದಿಯಲ್ಲೇ ಇದೆ, ವಾಸನೆ ಮಾತ್ರ ಒಂದಿಷ್ಟೂ ಇಲ್ಲ. ಡಾಕ್ಟರು “ಬರಬಹುದು, ಬರದೇನೂ ಇರಬಹುದು” ಎಂದರು. ಆ ವಾಕ್ಯದ ಮೊದಲರ್ಧವನ್ನು ಅಮ್ಮ ಮನೆಗೆ ತಂದಳು, ಉಳಿದರ್ಧವನ್ನು ನಾನು. ದಾರಿಯಲ್ಲೇ ನನ್ನ ಕೈ ಹಿಡಿದು, “ಯಾರಿಗೂ ಹೇಳಬೇಡ. ಅಕ್ಕನಿಗಂತೂ ಹೇಳಿದ್ಯೋ, ನನ್ನಾಣೆ” ಎಂದಳು. ಹೇಳಬೇಡ ಎಂದಳೇ ಹೊರತು ಬರೆಯಬೇಡ ಎನ್ನಲಿಲ್ಲ. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು. ಇಪ್ಪತ್ತೆರಡು ವರ್ಷದ ಪಾಠ ಉಪಯೋಗಕ್ಕೆ ಬಂದದ್ದು ಇದೊಂದೇ ಸಲ.

ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಕೇಕು ಬಂತಲ್ಲ ನಡುವೆ! ಅವಳು ಕೇಕು ಬೇಯಿಸುತ್ತಿದ್ದ ಕ್ರಮ ನೆನಪಿದೆಯೇ? ಗಡಿಯಾರವಿಲ್ಲ, ಅಳತೆಯಿಲ್ಲ. “ಅಳತೆ ಮಾಡಿ ಹಾಕೋದು ಔಷಧಿಗೆ” ಎನ್ನುತ್ತಿದ್ದಳು. ಓವನ್ನಿನೊಳಗಿಟ್ಟು ಬಂದು ಮುಂಬಾಗಿಲಿನ ಹೊಸ್ತಿಲ ಮೇಲೆ ಬಟಾಣಿ ಬಿಡಿಸುತ್ತ ಕೂರುವಳು. ಘಮ ಅಡುಗೆಮನೆಯಲ್ಲಿದ್ದಾಗ ಹಸಿ, ನಡುಮನೆಗೆ ಬಂದಾಗ ಅರೆಬರೆ, ಹೊಸ್ತಿಲಿಗೆ ಬಂದು ಅವಳನ್ನು ಕರೆದಾಗ ಎದ್ದು ಹೋಗಿ ತೆಗೆಯುವಳು. ಒಂದು ದಿನವೂ ತಪ್ಪಿದ್ದಿಲ್ಲ. ಈಗ ಅಲಾರಂ ಇಟ್ಟುಕೊಂಡು ಕೂರುತ್ತಾಳೆ. ಬಣ್ಣ ಸರಿ ಬರುತ್ತದೆ, ಉಬ್ಬುತ್ತದೆ, ಕಡ್ಡಿ ಚುಚ್ಚಿದರೆ ಅಂಟುವುದೂ ಇಲ್ಲ. ತೊಂದರೆ ಇರುವುದು ವೆನಿಲಾ ಎಸೆನ್ಸಿನಲ್ಲಿ. ಎರಡು ಹನಿ ಹಾಕಿ ಮೂಸುತ್ತಾಳೆ, ಏನೂ ಬರುವುದಿಲ್ಲ. ಇನ್ನೆರಡು ಹನಿ. ಇನ್ನೂ ಬರುವುದಿಲ್ಲ. ಸಾಕು ಎನ್ನಬೇಕಾದ ಮೂಗು ಮೌನವ್ರತ ಹಿಡಿದಿರುವುದರಿಂದ ಅರ್ಧ ಬಾಟಲಿ ಒಳಗೆ ಹೋಗುತ್ತದೆ. ನೋಡುವುದಕ್ಕೆ ಕೇಕು, ಬಾಯಿಗಿಟ್ಟರೆ ಅತ್ತರಿನ ಅಂಗಡಿ.

ಪ್ರತಿ ತಿಂಗಳ ಮೊದಲ ಶನಿವಾರದ ಹಾಗೆ ಜ್ವರ ಬಿಟ್ಟ ಮೇಲೂ ನಿನಗೆಂದು ಡಬ್ಬಿ ಕಟ್ಟಿಕೊಟ್ಟಳು. ಕೊರಿಯರ್‌ನವನು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, “ಸಾರ್, ಸೆಂಟೆಲ್ಲ ಕಳಿಸೋ ಹಾಗಿಲ್ಲ” ಎಂದ. ಕೇಕು ಕಣಪ್ಪಾ ಎಂದರೆ ನಂಬಲಿಲ್ಲ, ಮುಚ್ಚಳ ತೆಗೆದು ತೋರಿಸಿದರೆ ಸೀನಿದ. ಎದುರುಗಡೆಯೇ ಬೇಕರಿ. ಅದೇ ಅಳತೆಯ ಸಾದಾ ಕೇಕೊಂದನ್ನು ಕೊಂಡು, ಅಮ್ಮನ ಡಬ್ಬಿಯಲ್ಲಿಟ್ಟು, ನಿನಗೆ ಕಳಿಸಿಬಿಟ್ಟೆ. ಹೌದು ಅಕ್ಕಾ, ಆಮೇಲೆ ಪ್ರತಿ ತಿಂಗಳೂ ಅದೇ ಕಥೆ. ಐದು ತಿಂಗಳಿಂದ ನೀನು ಕಣ್ಣು ಮುಚ್ಚಿ ಚಪ್ಪರಿಸಿದ್ದು ಬೇಕರಿಯವನ ಕೈಗುಣವನ್ನು. ಅಮ್ಮನದನ್ನು ಅಧ್ಯಾಪಕರ ಕೊಠಡಿಯಲ್ಲಿಟ್ಟೆ. ಅರ್ಥಶಾಸ್ತ್ರದವರು ಒಂದು ತುಂಡು ತಿಂದು ರಜೆ ಹಾಕಿದರು. ಬೈಯುವುದಿದ್ದರೆ ಬೈ, ಆದರೆ ನಿನ್ನ ಪಾಲನ್ನೂ ಇಟ್ಟುಕೋ. ಫೋನು ಮಾಡಿ ಏನೆಂದೆ ನೀನು? “ಅಮ್ಮಾ, ಈ ಸಲದ್ದು ಹಿಂದೆಂದಿಗಿಂತ ಚೆನ್ನಾಗಿದೆ!” ಸುಮ್ಮನೆ ‘ಚೆನ್ನಾಗಿದೆ’ ಎಂದು ನಿಲ್ಲಿಸಬಾರದಾಗಿತ್ತೇ? ಅಮ್ಮ ಫೋನಿಟ್ಟು ತುಂಬ ಹೊತ್ತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನನ್ನು ಕರೆದು, “ನೋಡಿದ್ಯೇನೋ, ಮೂಗು ಹೋದ್ರೂ ಕೈ ಹೋಗಿಲ್ಲ” ಎಂದಳು. ಆ ಮುಖ ನೋಡಿದ ಮೇಲೆ ಸತ್ಯ ಹೇಳುವ ನಾಲಿಗೆ ಯಾರಿಗಿದೆ?

ಮಾಡದ ಉಪಾಯವಿಲ್ಲ. ಎಸೆನ್ಸಿನ ಬಾಟಲಿಗೆ ಮುಕ್ಕಾಲು ಭಾಗ ನೀರು ಬೆರೆಸಿದೆ. ಬೆಳಕಿಗೆ ಹಿಡಿದು ಬಣ್ಣ ತೆಳುವಾಗಿದ್ದನ್ನು ಕಂಡುಹಿಡಿದಳು, ನೆಟ್ಟಗೆ ಅಂಗಡಿಗೆ ಹೋಗಿ ಆ ನಿರಪರಾಧಿಗೆ ಬೀದಿಗೆ ಕೇಳುವಂತೆ ಬೈದು ಎರಡು ಹೊಸ ಬಾಟಲಿ ತಂದಳು. ನಾನು ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದೆ. ಇನ್ನೊಂದು ಕಡೆ ನನ್ನ ಹೆಂಡತಿ. ಅತ್ತೆಗೆ ಸಕ್ಕರೆ ಕಡಿಮೆ ಮಾಡಬೇಕೆಂದು ಓಟ್ಸು, ಖರ್ಜೂರ, ಸೇಬು ಹಾಕಿ ಆರೋಗ್ಯದ ಬಿಸ್ಕತ್ತು ಮಾಡುತ್ತಾಳೆ. ನಾನು ತಿಂದರೆ ಮೇವು ಮೆದ್ದ ಹಾಗಾಗುತ್ತದೆ. ಅಮ್ಮ ಮಾತ್ರ ಕರಕರ ಅಗಿದು, “ಚೆನ್ನಾಗಿದೆ ಕಣೇ, ಇನ್ನೆರಡು ಕೊಡು” ಎನ್ನುತ್ತಾಳೆ. ರುಚಿ ಕೈಕೊಟ್ಟ ಬಾಯಿಗೆ ಆ ಕರಕರ ಒಂದೇ ಈಗ ಊಟದ ಸುದ್ದಿ ತಿಳಿಸುವುದು. ಇವಳೋ, “ಹನ್ನೊಂದು ವರ್ಷಕ್ಕೆ ಮೊದಲನೇ ಸಲ ಅತ್ತೆ ನನ್ನ ಕೈರುಚಿ ಹೊಗಳಿದ್ರು” ಎಂದು ತವರಿಗೆಲ್ಲ ಫೋನು ಮಾಡಿ ಮುಗಿಸಿದ್ದಾಳೆ. ಅಮ್ಮನ ಗುಟ್ಟು ಬಿಟ್ಟುಕೊಟ್ಟರೆ ಇವಳ ಸಂತೋಷವೂ ಅದರ ಜೊತೆಗೇ ಹೋಗುತ್ತದೆ. ಒಂದು ಮೂಗಿನ ಕೆಳಗೆ ಎಷ್ಟು ಜನರ ಸಂಸಾರ ನಡೆಯುತ್ತಿದೆ ನೋಡು!

ಇದೆಲ್ಲದರ ನಡುವೆ ನೀನು ಬೀಗರ ಮುಂದೆ, “ಮದುವೆ ಕೇಕು ನಮ್ಮಮ್ಮಂದೇ, ಮುನ್ನೂರು ಜನಕ್ಕೂ” ಎಂದು ಸಾರಿದ್ದೀಯ. ಅಮ್ಮ ಹತ್ತು ವರ್ಷ ಚಿಕ್ಕವಳಾಗಿದ್ದಾಳೆ. ಬೆಳಿಗ್ಗೆ ಎದ್ದರೆ ತಟ್ಟೆಗಳ ಎಣಿಕೆ, ಸಂಜೆಯಾದರೆ ಪ್ರಯೋಗ. ಮುನ್ನೂರು ಜನ ಒಟ್ಟಿಗೆ ಅವಳ ಕಣ್ಣೆದುರೇ ಮುಖ ಕಿವುಚಿದರೆ ಅವಳು ಏನಾಗುತ್ತಾಳೆ ಎಂದು ಯೋಚಿಸಿದರೆ ನಾನು ಪಾಠದ ನಡುವೆ ಹಲಗೆಯ ಮೇಲೆ ‘ಕೇಕು’ ಎಂದು ಬರೆದುಬಿಡುತ್ತೇನೆ. ಬೀಗರು ಕೇಕನ್ನು ಹೊರಗಿನ ಬೇಕರಿಗೆ ಹೇಳಿಬಿಟ್ಟಿದ್ದಾರೆ ಎಂದು ನೀನೊಂದು ಸುಳ್ಳು ಹೇಳಿದರೆ ಅವಳ ಮನಸ್ಸು ಒಡೆಯುತ್ತದೆ. ಹೇಳದಿದ್ದರೆ ಮಾನ ಒಡೆಯುತ್ತದೆ. ಎರಡರಲ್ಲಿ ಯಾವುದನ್ನು ಒಡೆಯಲಿ? ತರ್ಕದಲ್ಲಿ ಇದಕ್ಕೊಂದು ಹೆಸರಿದೆ, ಉತ್ತರವಿಲ್ಲ. ನೀನು ದೊಡ್ಡವಳು, ನಿನಗೇನಾದರೂ ಹೊಳೆದರೆ ಬರೆ. ಫೋನು ಮಾಡಬೇಡ.

ಭಾವನಿಗೆ ನಮಸ್ಕಾರ, ಮದುಮಗಳಿಗೆ ಮಾವನ ಆಶೀರ್ವಾದ ಮತ್ತು ಎರಡು ಹೊತ್ತಿನ ಊಟ. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೋ.

ಯಾವತ್ತೂ ನಿನ್ನ,
ಮೊದ್ದು

ತಾ.ಕ.: ಲಕೋಟೆ ಅಂಟಿಸುವ ಮೊದಲು ನೀರಿಗೆಂದು ಕೆಳಗೆ ಇಳಿದೆ. ಮೆಟ್ಟಿಲಲ್ಲೇ ಗ್ಯಾಸಿನ ವಾಸನೆ ಮೂಗಿಗೆ ಹೊಡೆಯಿತು. ಅಡುಗೆಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಅಮ್ಮ ಒಲೆಯ ಮುಂದೆ ನಿಂತಿದ್ದಳು. “ಬೆಣ್ಣೆ ಕರಗೇ ಇಲ್ವಲ್ಲೋ, ಒಲೆ ಆರಿಹೋಗಿದೆ” ಎನ್ನುತ್ತ ಬೆಂಕಿಪೊಟ್ಟಣ ತೆರೆಯುತ್ತಿದ್ದಳು. ಕೈಯಿಂದ ಕಿತ್ತುಕೊಂಡೆ. ಗ್ಯಾಸು ನಿಲ್ಲಿಸಿ ಬಾಗಿಲು, ಕಿಟಕಿ ಎಲ್ಲ ತೆರೆದೆ. “ಯಾಕೋ, ಏನಾಯ್ತು?” ಎಂದಳು. ನನ್ನ ಬಾಯಿಗೆ ಬಂದದ್ದು, “ನನಗೆ ಬೇಕಾಗಿತ್ತು, ಸಿಗರೇಟಿಗೆ” ಎಂದು. ಎಷ್ಟು ಹೊತ್ತಿನಿಂದ ಸೋರುತ್ತಿತ್ತೋ ಗೊತ್ತಿಲ್ಲ. ಅಕ್ಕಾ, ಕೇಕಿನ ಬಗ್ಗೆ ಇಷ್ಟುದ್ದ ಬರೆದೆ, ಅದೆಲ್ಲ ಬಿಡು, ಹೇಗಾದರೂ ಆಗಲಿ. ನಿನ್ನನ್ನು ಅಚ್ಚರಿಪಡಿಸಲೆಂದು ನಿನಗೆ ಹೇಳದೆ ಅವಳು ಶನಿವಾರದ ಬೆಳಗಿನ ಗಾಡಿಗೆ ಟಿಕೆಟ್ಟು ತೆಗೆಸಿದ್ದಾಳೆ, ಮದುವೆಯವರೆಗೆ ನಿನ್ನ ಅಡುಗೆಮನೆಯಲ್ಲೇ ಇರುತ್ತಾಳಂತೆ. ಒಲೆಯ ಹತ್ತಿರ ಅವಳೊಬ್ಬಳನ್ನೇ ಬಿಡಬೇಡ. ಒಂದು ನಿಮಿಷವೂ ಬಿಡಬೇಡ. ಯಾಕೆಂದು ಅವಳಿಗೆ ಹೇಗೆ ಹೇಳುತ್ತೀಯೋ ನನಗೆ ತಿಳಿಯದು, ನನ್ನಿಂದಂತೂ ಆಗಲಿಲ್ಲ. ಈಗ ಕೆಳಗೆ ಕೂತು, ಮಗ ಈ ವಯಸ್ಸಿನಲ್ಲಿ ಸಿಗರೇಟು ಕಲಿತನೆಂದು ಇವಳ ಹತ್ತಿರ ಅಳುತ್ತಿದ್ದಾಳೆ. ನಾನು ಇಲ್ಲವೆನ್ನಲಿಲ್ಲ.